ಮೂರನೇ ಗೂಟ

ಕಾರ್ಯಕ್ರಮಕ್ಕೆ ಹೋಗಿ ಬಂದವರ ಬಾಯಿಂದ ಒಂದು ನೆಟ್ಟಗಿನ ಉತ್ತರ ಹೊರಡಿಸುವುದು ಎಷ್ಟು ಕಷ್ಟ ಎಂಬುದು ಅಂಟಣ್ಣನಿಗೆ ಆ ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಮನದಟ್ಟಾಯಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: ಗಿಟಾರು ಕೊನೆವರೆಗೂ ಶ್ರುತಿಯಲ್ಲಿ ನಿಂತಿತ್ತೋ, ಇಲ್ಲವೋ? ಹೂಂ ಅನ್ನಬಹುದಿತ್ತು, ಊಹೂಂ ಅನ್ನಬಹುದಿತ್ತು. ಬಂದವರು ಇವೆರಡನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಅಂದರು.

ಅಂಟಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ತಂತಿವಾದ್ಯಗಳ ರಿಪೇರಿ ಮಾಡಿ ಹತ್ತು ಬೆರಳಿಗೂ ಅಂಟು ಎಷ್ಟು ಮೆತ್ತಿಕೊಂಡಿತ್ತೆಂದರೆ, ಅವನ ಫೋನು ಅವನ ಹೆಬ್ಬೆರಳನ್ನು ಗುರುತಿಸುವ ಪ್ರಯತ್ನವನ್ನೇ ಕೈಬಿಟ್ಟಿತ್ತು. ಅಂಗಡಿ ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಗೋಡೆಯ ಮೇಲೆ ಹೊಟ್ಟೆ ಬಿಚ್ಚಿದ ಪಿಟೀಲುಗಳು, ಕತ್ತು ಮುರಿದ ಗಿಟಾರುಗಳು, ಯಾರೋ ಕೊಟ್ಟು ಮರೆತೇ ಹೋದ ಒಂದು ಮ್ಯಾಂಡೊಲಿನ್. ಬಾಗಿಲ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ 'ಇದ್ದ ಹಾಗೇ ವಾಪಸ್' ಎಂದು ಬರೆಸಿದ್ದ. ರಿಪೇರಿ ಅಂಗಡಿಗೆ ಇದು ಅಷ್ಟೇನೂ ಒಳ್ಳೆಯ ಜಾಹೀರಾತಲ್ಲ ಎಂದು ಪಕ್ಕದ ಕನ್ನಡಕದಂಗಡಿಯವರು ಎಷ್ಟೋ ಸಲ ಹೇಳಿದ್ದರು. ಮುರಿಯುವುದಕ್ಕೆ ಮೊದಲು ಇದ್ದ ಹಾಗೆ ಅಂತ ಅರ್ಥ ಕಣ್ರೀ ಎಂದು ಅವನೂ ಅಷ್ಟೇ ಸಲ ವಿವರಿಸಿದ್ದ. ಬೋರ್ಡು ಬದಲಾಗಲಿಲ್ಲ. ಅದನ್ನು ಬರೆಸಿದ ಮೇಲೆ ಒಂದು ವಾದ್ಯವೂ ಅವನ ಅಂಗಡಿಗೆ ದೂರು ಹೊತ್ತು ವಾಪಸ್ ಬಂದಿರಲಿಲ್ಲ. ಅವನ ಜಂಬವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ಫೋನಿನ ಒಬ್ಬ ಸಣಕಲು ಮನುಷ್ಯ ಒಂದು ಗಿಟಾರ್ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದ. ಆತ ಹಾಡುಗಾರ್ತಿಯ ಮ್ಯಾನೇಜರ್. ಹಾಡುಗಾರ್ತಿ ಎಂದರೆ ಆ ಊರಿನಲ್ಲಿ ಇನ್ನು ಯಾರೆಂದು ಕೇಳಬೇಕಾಗಿರಲಿಲ್ಲ. ತನ್ನ ಹಾಡನ್ನು ತಾನೇ ಬರೆದು, ತಾನೇ ರಾಗ ಹಾಕಿ, ಒಂದೇ ಒಂದು ಹಳೇ ಗಿಟಾರ್ ಹಿಡಿದು ಇಪ್ಪತ್ತು ವರ್ಷದಿಂದ ಹಾಡುತ್ತಿದ್ದವಳು. ಆರು ವರ್ಷದ ಮೇಲೆ ಆ ಊರಿಗೆ ಬಂದಿದ್ದಳು. ಬಂದು ಇಳಿಯುವಾಗಲೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಕೈಜಾರಿ, ಗಿಟಾರಿನ ಹೊಟ್ಟೆಯೊಳಗೆ ಮುಖದ ಹಲಗೆಯನ್ನು ಹಿಡಿದಿಡುವ ಅಡ್ಡಪಟ್ಟಿ ಕಿತ್ತುಕೊಂಡಿತ್ತು.

"ನಾಲ್ಕು ಗಂಟೆಗೆ ಬೇಕು" ಎಂದ ಮ್ಯಾನೇಜರ್.

"ಅಂಟು ಒಣಗೋಕೆ ಒಂದು ಹಗಲು ಒಂದು ರಾತ್ರಿ ಬೇಕು ಸಾರ್."

"ಅಂಟಿಗೆ ಸಾವಿರದ ಇನ್ನೂರು ಜನ ಟಿಕೆಟ್ ತಗೊಂಡಿದಾರೆ ಅಂತ ಹೇಳಿ."

ಅಂಟಣ್ಣ ಅಂಟಿಗೆ ಹೇಳಲಿಲ್ಲ, ತಾನೇ ಒಪ್ಪಿಕೊಂಡ. ಗಿಟಾರಿನ ದುಂಡು ಬಾಯಿಯಿಂದ ಒಳಗೆ ಕೈ ಹಾಕಿ ಪಟ್ಟಿಗೆ ಅಂಟು ಬಳಿದು, ಅದು ಮೇಲಿನ ಹಲಗೆಗೆ ಒತ್ತಿ ಕೂರಲೆಂದು ತಳದಿಂದ ಗೂಟ ಕೊಟ್ಟ. ಗೂಟವೆಂದರೆ ಅಂಗೈ ಉದ್ದದ, ಪೆನ್ಸಿಲ್ ದಪ್ಪದ ಮರದ ಕಡ್ಡಿ, ಮನೆಯ ಕೆಲಸ ನಡೆಯುವಾಗ ತಾರಸಿಗೆ ಕೊಡುವ ಆಸರೆಯ ಹಾಗೆ. ಅಂಥವು ಅವನ ಹತ್ತಿರ ಏಳಿದ್ದವು. ಒಂದರಿಂದ ಏಳರವರೆಗೆ ನಂಬರ್ ಹಾಕಿ, ಹೆಂಡತಿ ಆಸ್ಪತ್ರೆಯಿಂದ ತಂದುಕೊಟ್ಟ ಹಳೇ ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದ.

ಮೂರೂವರೆಗೇ ಕಾರು ಬಂದು ಹಾರ್ನ್ ಬಾರಿಸಿತು. ಅಂಟಣ್ಣ ಗೂಟ ಕಿತ್ತು, ತಂತಿ ಬಿಗಿದು, ಶ್ರುತಿ ಕೂಡಿಸುತ್ತಿರುವಾಗಲೇ ಮ್ಯಾನೇಜರ್ ಅದನ್ನು ಅವನ ತೊಡೆಯಿಂದ ಎತ್ತಿಕೊಂಡು ಹೋದ. ಜತೆಗೆ, ಬೆಳಿಗ್ಗೆಯೇ ಕೊಡುತ್ತೇನೆಂದಿದ್ದ ಎರಡು ಟಿಕೆಟ್ ಇಟ್ಟುಹೋದ. ಅಂಟು ಬಿಟ್ಟರೆ ಶ್ರುತಿ ಜಾರುತ್ತದೆ. ಅದು ಹಿಡಿಯಿತೋ ಇಲ್ಲವೋ ಎಂಬುದನ್ನು ಸಾವಿರದ ಇನ್ನೂರು ಜನರ ಎದುರು ಕೂತು ನೋಡುವ ಗುಂಡಿಗೆ ತನಗಿಲ್ಲವೆಂದು ಅವನು ಎರಡೂ ಟಿಕೆಟನ್ನು ಅಕ್ಕನಿಗೂ ಮಗಳಿಗೂ ಕೊಟ್ಟು, ಮನೆಗೆ ಹೋಗಿ ಹೊದ್ದು ಮಲಗಿದ.

ಮೊದಲು ಬಂದವಳು ಅಕ್ಕ. ಸ್ಕೂಲ್ ವ್ಯಾನ್ ಓಡಿಸುವವಳು. ಮಕ್ಕಳನ್ನೆಲ್ಲ ಇಳಿಸಿ, ವ್ಯಾನನ್ನು ಅಂಗಡಿಯೆದುರು ಅಡ್ಡಡ್ಡ ನಿಲ್ಲಿಸಿ, ಬಾಗಿಲು ದಾಟುವ ಮೊದಲೇ ಶುರು ಮಾಡಿದಳು.

"ಲೋ, ನೀನು ಬರಬೇಕಿತ್ತು ಕಣೋ! ಜನ್ಮ ಸಾರ್ಥಕ ಆಗೋಯ್ತು!"

"ಶ್ರುತಿ ನಿಂತಿತ್ತಾ ಅಕ್ಕಾ?"

"ನನ್ನನ್ನೇ ನೋಡ್ಕೊಂಡು ಹಾಡಿದ್ಲು ಕಣೋ."

"ಯಾರನ್ನ?"

"ನನ್ನನ್ನ. ನಿಮ್ಮಕ್ಕನ್ನ!"

"ಇಪ್ಪತ್ತೆರಡನೇ ಸಾಲಲ್ಲಿ ಕೂತವಳನ್ನ? ಎದುರಿಗೆ ಅಷ್ಟು ಲೈಟ್ ಹಾಕಿರ್ತಾರೆ, ಅವಳಿಗೆ ಮೊದಲನೇ ಸಾಲೇ ಕಾಣಲ್ಲ."

"ನೋಡಬೇಕು ಅಂದೋರಿಗೆ ಕಾಣುತ್ತೆ. ನಿನಗೇನು ಗೊತ್ತು, ಹೊದ್ದು ಮಲಗಿದ್ದವನಿಗೆ." ಅಕ್ಕ ಸ್ಟೂಲ್ ಎಳೆದುಕೊಂಡು ಕೂತು, ದನಿ ತಗ್ಗಿಸಿದಳು. "ಅವಳು ಅವನನ್ನ ಕ್ಷಮಿಸಿಬಿಟ್ಟಳು."

ಅವನು ಎಂದರೆ ಎರಡನೇ ಬೀಗದ ಕೈಯವನು. ಹಾಡುಗಾರ್ತಿಯ ಅತಿ ಹೆಸರಾದ ಹಾಡು ಅದು: ಹೊಸ ಮನೆಗೆ ಎರಡು ಬೀಗದ ಕೈ ಮಾಡಿಸಿದವಳೊಬ್ಬಳು, ಅದರಲ್ಲೊಂದನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟುಹೋದವನನ್ನು ಕೇಳುವ ಹಾಡು. ಅಕ್ಕನ ಪ್ರಕಾರ ಅವಳ ಎಲ್ಲ ಹಾಡುಗಳೂ ಅವನೊಬ್ಬನ ಮೇಲೆಯೇ. ಅಂಥವನೊಬ್ಬ ನಿಜಕ್ಕೂ ಇದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಅವನ ಕೋಟಿನ ಬಣ್ಣ ಕೂಡ ಗೊತ್ತಿತ್ತು. ಹದಿನೆಂಟು ವರ್ಷದಿಂದ ಅವಳು ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಸ್ವಂತ ಗಂಡನ ಮೇಲೂ ಇಟ್ಟುಕೊಂಡಿರಲಿಲ್ಲ.

"ಯಾವಾಗಲೂ ಆ ಹಾಡನ್ನ ಹೊಡೆದು ಹೊಡೆದು ನುಡಿಸ್ತಿದ್ಲು, ಬಾಗಿಲು ದಬದಬ ಬಡಿದ ಹಾಗೆ. ನಿನ್ನೆ ಹಾಗಿಲ್ಲ. ಮೆಲ್ಲಗೆ. ಗಿಟಾರನ್ನ ಬಟ್ಟೇಲಿ ಸುತ್ತಿ ಇಟ್ಟ ಹಾಗೆ. ಅರ್ಧಕ್ಕೆ ನಿಲ್ಲಿಸಿದ್ಲು ಕಣೋ, ಗಿಟಾರ್ ಕೆಳಗೆ ಇಟ್ಟುಬಿಟ್ಟಳು. ಆಯ್ತು ಹೋಗಪ್ಪ, ಬೀಗದ ಕೈ ನೀನೇ ಇಟ್ಕೋ ಅನ್ನೋ ಹಾಗೆ. ನಾನು ಅತ್ತುಬಿಟ್ಟೆ. ಪಕ್ಕದವನೂ ಅತ್ತ. ಯಾರೋ ಏನೋ, ಅವನಿಗೆ ನನ್ನ ಕರ್ಚೀಫೇ ಕೊಟ್ಟೆ."

ಅಂಟಣ್ಣನ ಕಿವಿ ಕರ್ಚೀಫಿನವರೆಗೆ ಹೋಗಲಿಲ್ಲ. ಬಟ್ಟೇಲಿ ಸುತ್ತಿ ಇಟ್ಟ ಹಾಗೆ ಎಂಬಲ್ಲೇ ಸಿಕ್ಕಿಕೊಂಡಿತು. ಆ ಗಿಟಾರನ್ನು ಅವನು ತೊಡೆಯ ಮೇಲಿಟ್ಟುಕೊಂಡಿದ್ದ. ಅದು ಗುಂಯ್ ಅನ್ನುವ ಜಾತಿಯದು, ಸುತ್ತಿ ಇಟ್ಟ ಜಾತಿಯದಲ್ಲ.

ಅಷ್ಟರಲ್ಲಿ ಮಗಳು ಬಂದಳು. ಕಾಲೇಜಿಗೆ ಹೋಗಬೇಕಾದವಳು. ರಾತ್ರಿ ಕಿರುಚಿ ಕಿರುಚಿ ಗಂಟಲು ಪೂರ್ತಿ ಕಟ್ಟಿಹೋಗಿದ್ದರಿಂದ ಅವಳಿಗೆ ಪಿಸುದನಿಯಲ್ಲೇ ಕೂಗಾಡಬೇಕಾಗಿತ್ತು.

"ಅಪ್ಪಾ! ನಮ್ಮ ಗ್ರೂಪಲ್ಲಿ ಬೆಂಕಿ ಬಿದ್ದಿದೆ! ಸಾವಿರದ ನಾನೂರು ಮೆಸೇಜು!"

"ಶ್ರುತಿ ನಿಂತಿತ್ತೇನಮ್ಮ?"

"ಹೊಸಾ ಸೌಂಡ್ ಅಪ್ಪಾ! ಹಳೇದನ್ನೆಲ್ಲ ಕಿತ್ತು ಬಿಸಾಕಿದ್ದಾಳೆ. ಒಣಕಲು, ಬರೀ ಮರದ ಸದ್ದು. ಟಕ್ ಟಕ್ ಟಕ್. ಮುಂದಿನ ಆಲ್ಬಮ್ ಪೂರ್ತಿ ಹೀಗೇ ಇರುತ್ತೆ ಅಂತ ನಮ್ಮೋರು ಕಂಡುಹಿಡಿದಿದ್ದಾರೆ. ಯಾರೂ ಮಾಡಿಲ್ಲ ಇದನ್ನ, ಯಾರಂದ್ರೆ ಯಾರೂ!"

"ಅದು ಕ್ಷಮೆ ಕಣೇ" ಎಂದಳು ಅಕ್ಕ.

"ಅತ್ತೆ, ನಿಮಗೆ ಎಲ್ಲಾದರಲ್ಲೂ ಆ ಬೀಗದ ಕೈನೇ ಕಾಣುತ್ತೆ."

"ನಿನಗೆ ಮೊಳ ಉದ್ದದ ಫೋನಲ್ಲಿ ನೋಡಿದ್ರೆ ಇನ್ನೇನು ಕಾಣುತ್ತೆ!"

ಅಂಟಣ್ಣ ಫೋನಿಗೆ ಕೈ ಚಾಚಿದ. ಮಗಳು ತೆಗೆದ ವಿಡಿಯೋದಲ್ಲಿ ಮುಂದಿನ ಸಾಲಿನವನ ತಲೆ ಮೂವತ್ತು ಸೆಕೆಂಡು, ವೇದಿಕೆ ಎರಡು ಸೆಕೆಂಡು ಇತ್ತು. ಸದ್ದೆಲ್ಲ ಅವಳ ಕಿರುಚಾಟವೇ. ಆದರೆ ಎರಡು ಕಿರುಚಿನ ನಡುವೆ ಅವಳು ಉಸಿರು ಎಳೆದುಕೊಂಡ ಒಂದು ಸಣ್ಣ ಬಿಡುವಿನಲ್ಲಿ ಗಿಟಾರಿನ ನಾಲ್ಕು ಸ್ವರ ಕೇಳಿಸಿತು. ಟಕ್, ಟಕ್, ಟಕ್, ಟಕ್. ಹಲಗೆಯ ಮೇಲೆ ಯಾರೋ ಬೆರಳಿಟ್ಟು ಒತ್ತಿಹಿಡಿದ ಹಾಗೆ. ಅವನು ಹಿಂದಕ್ಕೆ ಸರಿಸಿ ಇನ್ನೊಂದು ಸಲ ಕೇಳಿದ. ಆಮೇಲೆ ಮತ್ತೊಂದು ಸಲ.

"ನೋಡಿದ್ರಾ ಅತ್ತೆ, ಅಪ್ಪಂಗೂ ಹುಚ್ಚು ಹಿಡೀತು" ಎಂದು ಮಗಳು ಪಿಸುದನಿಯಲ್ಲಿ ಕುಣಿದಳು.

ಕನ್ನಡಕದಂಗಡಿಯವರು ಬಂದದ್ದು ಗಾಜು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ. ಹಾಡುಗಾರ್ತಿಯನ್ನು ಈವರೆಗೆ ಹನ್ನೊಂದು ಸಲ ಕೇಳಿದ್ದವರು, ಹನ್ನೊಂದೂ ಸಲ ಮೊದಲ ಸಾಲಿನಲ್ಲಿ ಕೂತು ಕೇಳಿದ್ದವರು, ಎರಡನೇ ಸಲದಿಂದಲೇ ಮೊದಲನೇ ಸಲದಷ್ಟು ಚೆನ್ನಾಗಿಲ್ಲ ಎನ್ನುತ್ತ ಬಂದವರು. ಈಗ ಅವರ ಮುಖ ಮದುವೆಮನೆಯಂತೆ ಕಳಕಳಿಸುತ್ತಿತ್ತು.

"ಮುಗೀತು ಅಂಟಣ್ಣ. ಅವಳ ಕಥೆ ಮುಗೀತು."

"ಯಾರ್ರೀ ಮುಗಿದೋಳು?" ಅಕ್ಕ ಸ್ಟೂಲಿನಿಂದ ಎದ್ದಳು.

"ಅಮ್ಮಾ, ನಾನು ಮೊದಲನೇ ಸಾಲು. ನನ್ನ ಕಣ್ಣಿಗೆ ಮೋಸ ಇಲ್ಲ, ಕಣ್ಣೇ ನನ್ನ ಕಸುಬು. ಐದು ಹಾಡು ಕೂಡ ಸರಿಯಾಗಿ ನುಡಿಸಲಿಲ್ಲ. ಜನದ ಕಡೆ ಮುಖಾನೇ ಇಲ್ಲ. ಹೀಗೆ" — ಅವರು ಕತ್ತು ಓರೆ ಮಾಡಿ, ಎಡಗಿವಿಯನ್ನು ಇಲ್ಲದ ಗಿಟಾರಿನ ಮೇಲೆ ಒರಗಿಸಿ ತೋರಿಸಿದರು — "ಹೀಗೆ ಬಗ್ಗಿಕೊಂಡು, ತನಗೆ ತಾನೇ ಕೇಳಿಸಿಕೊಳ್ಳೋದು. ಏನು ಸೊಕ್ಕು! ಆಮೇಲೆ ಗಿಟಾರ್ ಕೆಳಗಿಟ್ಟು, ನೀವೇ ಹಾಡ್ರಪ್ಪ ಅಂತ ಜನಕ್ಕೆ ಬಿಟ್ಟಳು. ಜನ ಹಾಡಿದ್ರು. ನಾನೂ ಹಾಡಿದೆ, ಅದು ಬೇರೆ ಮಾತು. ದುಡಿಯೋರು ನಾವು, ಚಪ್ಪಾಳೆ ಅವಳಿಗೆ."

"ಅದೇ ಆರ್ಟು ಅಂಕಲ್!" ಎಂದಳು ಮಗಳು.

"ಅದು ಕ್ಷಮೆ!" ಎಂದಳು ಅಕ್ಕ.

"ರೀ, ಶ್ರುತಿ?" ಎಂದ ಅಂಟಣ್ಣ, ಕ್ಷೀಣವಾಗಿ.

"ಶ್ರುತಿಯಾ? ಕೂದಲೆಳೆಯಷ್ಟೂ ಜಾರಲಿಲ್ಲ. ಇಡೀ ಕಾರ್ಯಕ್ರಮದಲ್ಲಿ ಸರಿಯಾಗಿ ಇದ್ದದ್ದು ಅದೊಂದೇ."

ಹೀಗೆ ಅಂಟಣ್ಣನಿಗೆ ಬೇಕಾಗಿದ್ದ ಉತ್ತರ ಒಂದೂವರೆ ಗಂಟೆಯ ಮೇಲೆ ಸಿಕ್ಕಿತು. ಆಗ ಅದರ ಉಪಯೋಗವಿರಲಿಲ್ಲ. ಮೂವರೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದಾಗ ಅವನು ಮೆಲ್ಲಗೆ ಹಿಂದಿನ ಮೇಜಿಗೆ ಹೋಗಿ ಸ್ಟೀಲ್ ತಟ್ಟೆಯನ್ನು ಎಳೆದು ನೋಡಿದ. ಒಂದು, ಎರಡು, ನಾಲ್ಕು, ಐದು, ಆರು, ಏಳು.

ಇನ್ನೊಮ್ಮೆ ಎಣಿಸಿದ. ಮೇಜಿನ ಕೆಳಗೆ ನೋಡಿದ. ಹೊಟ್ಟುಪುಡಿ ಗುಡಿಸಿಟ್ಟ ಡಬ್ಬಿಗೆ ಕೈ ಹಾಕಿ ಕಲಕಿದ. ಆಮೇಲೆ ಹಿಂದಿನ ದಿನದ ಮೂರೂವರೆ ಗಂಟೆ ಇದ್ದದ್ದು ಇದ್ದ ಹಾಗೆ ಕಣ್ಣೆದುರು ಬಂತು. ಕೈ ಗಿಟಾರಿನ ಹೊಟ್ಟೆಯಲ್ಲಿ, ಹೊರಗೆ ಹಾರ್ನ್, ಭುಜಕ್ಕೂ ಕಿವಿಗೂ ನಡುವೆ ಫೋನು, ಫೋನಿನಲ್ಲಿ ಅಕ್ಕ: "ಟಿಕೆಟ್ ಎಷ್ಟು ಕೊಡ್ತಾರಂತೆ ಕಣೋ? ಎಷ್ಟು? ಸರಿಯಾಗಿ ಹೇಳು, ಎಷ್ಟು?" ಅವನು "ಎರಡು ಅಕ್ಕಾ, ಎರಡು" ಎನ್ನುತ್ತಲೇ ಎರಡು ಗೂಟ ಎಳೆದು ಮೇಜಿನ ಮೇಲಿಟ್ಟಿದ್ದ. ಎರಡು ಎಂದು ಬಾಯಿ ಹೇಳಿತು, ಕೈ ನಂಬಿತು. ಕೊಟ್ಟದ್ದು ಮೂರು.

ಮೂರನೆಯದು ಹಿಂಬದಿಯ ಮೂಲೆಯಲ್ಲಿ, ಬಾಯಿಯಿಂದ ಇಣುಕಿದರೂ ಕಾಣದ ಕಡೆ, ತಳಕ್ಕೂ ಮುಖಕ್ಕೂ ನಡುವೆ ಗಟ್ಟಿಯಾಗಿ ನಿಂತಿತ್ತು. ನಿಂತು, ಇಡೀ ಗಿಟಾರಿನ ಉಸಿರು ಹಿಡಿದಿತ್ತು. ಅಕ್ಕನ ಕ್ಷಮೆ, ಮಗಳ ಹೊಸ ಸೌಂಡು, ಕನ್ನಡಕದವರ ಮುಗೀತು, ಮೂರೂ ಆ ಕಡ್ಡಿಯೇ.

ಅವನು ಹಿತ್ತಲ ಬಾಗಿಲಿಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಆಕೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಎರಡು ಆಪರೇಷನ್ನುಗಳ ನಡುವೆ ಸಿಕ್ಕಿದಳು.

"ಏನ್ರೀ, ಗಿಟಾರು ಉಳೀತಾ?"

"ಒಳಗೆ ಒಂದು ಗೂಟ ಬಿಟ್ಟುಬಿಟ್ಟಿದೀನಿ ಕಣೇ."

"ಮುಚ್ಚೋ ಮೊದಲು ಎಣಿಸಲಿಲ್ವಾ?"

"ಎಣಿಸಿದೆ. ಅಕ್ಕ ಟಿಕೆಟ್ ಎಷ್ಟು ಅಂತ..."

"ರೀ. ನಾವು ಒಂದು ಹೊಟ್ಟೆ ಹೊಲಿಯೋ ಮೊದಲು ಒಂದೊಂದು ಹತ್ತಿ ತುಂಡನ್ನೂ ಎರಡೆರಡು ಸಲ ಎಣಿಸ್ತೀವಿ, ಇಬ್ಬಿಬ್ಬರು ನಿಂತು, ಬಾಯಿಬಿಟ್ಟು ಎಣಿಸ್ತೀವಿ. ಅಲ್ಲಿ ಯಾರ ನಾದಿನೀನೂ ಫೋನ್ ಮಾಡಲ್ಲ."

"ಈಗೇನು ಮಾಡಲಿ? ಹನ್ನೆರಡೂವರೆ ಟ್ರೇನಿಗೆ ಅವಳು ಹೊರಟುಹೋಗ್ತಾಳೆ. ಜನಕ್ಕೆಲ್ಲ ಖುಷಿಯಾಗಿದೆ ಕಣೇ, ನಿಜವಾಗ್ಲೂ. ಯಾರಿಗೂ ಗೊತ್ತಾಗಿಲ್ಲ. ಗೊತ್ತಾದ್ರೆ ಮೂವತ್ತೊಂದು ವರ್ಷದ ಹೆಸರು... ಪಕ್ಕದಲ್ಲಿ ಕನ್ನಡಕದವರು ಬೇರೆ ಇದ್ದಾರೆ."

"ಪೇಷೆಂಟ್ ಖುಷಿಯಾಗಿದಾರೆ ಅಂತ ಕತ್ತರಿ ಒಳಗೆ ಬಿಡ್ತಾರೇನ್ರೀ? ಹೋಗಿ ತೆಗೀರಿ." ಫೋನ್ ಇಟ್ಟಳು.

ಅಂಟಣ್ಣ ಅಂಗಿ ತೋಳು ಇಳಿಸಿಕೊಂಡು ಮುಂದಕ್ಕೆ ಬಂದು, ಆದಷ್ಟು ಸಾದಾ ದನಿಯಲ್ಲಿ, "ಸ್ವಲ್ಪ ಲಾಡ್ಜಿಗೆ ಹೋಗಿ ಬರ್ತೀನಿ, ಗಿಟಾರ್ ಒಂದು ಸಲ ನೋಡಬೇಕು" ಎಂದ. ಅದೇ ಅವನು ಮಾಡಿದ ಎರಡನೇ ತಪ್ಪು.

ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ಯಾವ ಗಿಟಾರು?" ಎಂದಳು ಅಕ್ಕ. "ಅವಳದಾ? ಅವಳ ಹತ್ರ ಹೋಗ್ತಿದೀಯಾ? ನಡಿ, ಹತ್ತು ಗಾಡೀನ!"

"ಅಕ್ಕಾ, ನಾನು ಆಟೋ..."

"ಹತ್ತು ಅಂದ್ನಲ್ಲ!"

ಮಗಳು ಆಗಲೇ ವ್ಯಾನಿನೊಳಗೆ ಕೂತಾಗಿತ್ತು. ಮುಗಿದವಳನ್ನು ನೋಡಲು ಕನ್ನಡಕದವರಿಗೇನು ಅವಸರವೋ, 'ಐದು ನಿಮಿಷದಲ್ಲಿ ಬರುತ್ತೇನೆ' ಎಂಬ ಬೋರ್ಡನ್ನು ತಮ್ಮ ಬಾಗಿಲಿಗೆ ನೇತುಹಾಕಿ, ಓಡಿಬಂದು ಹತ್ತಿದರು. ಒಂದನೇ ತರಗತಿಯ ಅಳತೆಗೆ ಮಾಡಿಸಿದ ಸೀಟುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಇಬ್ಬರು ದೊಡ್ಡ ಗಂಡಸರು ಕೂತರು. ಅಕ್ಕ ಗೇರ್ ಹಾಕಿದಳು. ಇಪ್ಪತ್ತು ನಿಮಿಷದ ದಾರಿಯನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದಳು, ಆ ಹನ್ನೊಂದು ನಿಮಿಷವೂ ಕ್ಷಮೆಯೋ ಆರ್ಟೋ ಸೊಕ್ಕೋ ಎಂಬ ವಾದ ಒಂದು ಸಿಗ್ನಲ್ಲಿಗೂ ನಿಲ್ಲಲಿಲ್ಲ. ಅಂಟಣ್ಣ ಮಾತ್ರ ಕಿಟಕಿಗೆ ಅಂಟಿಸಿದ್ದ ಎ ಬಿ ಸಿ ಡಿ ಓದುತ್ತ ಕೂತಿದ್ದ.

ಲಾಡ್ಜಿನ ಮೆಟ್ಟಿಲ ಬಳಿ ಮ್ಯಾನೇಜರ್ ಸಿಕ್ಕಿದ. ನಿದ್ದೆಗೆಟ್ಟ ಕಣ್ಣು, ಎರಡೂ ಫೋನು ಎರಡೂ ಕಿವಿಗೆ. ಉಳಿದ ಮೂವರಿಗೆ ಕೆಳಗಿನ ಸೋಫಾ ತೋರಿಸಿ, ಅಂಟಣ್ಣನಿಗೆ ಮಾತ್ರ ಕತ್ತಿನಲ್ಲೇ ಬಾ ಎಂದ. "ನೋಡಿಕೊಂಡು ಬಾರೋ, ಕೋಟು ಯಾವ ಬಣ್ಣದ್ದು ಅಂತ ಕೇಳು!" ಎಂದು ಅಕ್ಕ ಹಿಂದಿನಿಂದ ಕೂಗಿದಳು.

ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ಗಿಟಾರು ಬೆಡ್‌ಶೀಟ್ ಹೊದ್ದು ಮಲಗಿತ್ತು. ಹಾಡುಗಾರ್ತಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಎಡಗಿವಿಯ ಪಕ್ಕ ಚಿಟಿಕೆ ಹೊಡೆಯುತ್ತಿದ್ದಳು, ಆಮೇಲೆ ಬಲಗಿವಿಯ ಪಕ್ಕ, ಮತ್ತೆ ಎಡಕ್ಕೆ. ಪೋಸ್ಟರಿನಲ್ಲಿ ಆರಡಿ ಕಾಣುವವಳು ಇಲ್ಲಿ ಅಕ್ಕನ ಭುಜದಷ್ಟಿದ್ದಳು. ಕಾಲಲ್ಲಿ ಲಾಡ್ಜಿನ ಸವೆದ ರಬ್ಬರ್ ಚಪ್ಪಲಿ.

"ಓ, ರಿಪೇರಿಯವರಾ? ಬನ್ನಿ ಬನ್ನಿ. ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ. ನಿಮ್ಮ ಕೆಲಸ ಚೊಕ್ಕವಾಗಿದೆ. ಒಂದೇ ಒಂದು ಸಲಾನೂ ಶ್ರುತಿ ಜಾರಲಿಲ್ಲ."

ಅಂಟಣ್ಣನ ಕಣ್ಣು ಮಂಚದ ಮೇಲಿನ ಗಿಟಾರಿಗೆ ಹೋಯಿತು.

"ಎಲ್ಲಾ ಕಡೆ ನಿಮ್ಮ ಹೆಸರು ಹೇಳ್ತೀನಿ" ಎಂದಳು. "ಎಲ್ಲಾ ಕಡೆ ಅಂದ್ರೆ, ಇನ್ನು ಹೋಗೋ ಕಡೆ. ಅದೂ ಇಲ್ಲ ಅನ್ನಿ." ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರಿನ ಕಡೆ ಕೈ ತೋರಿಸಿದಳು. "ಅವರು ಉಳಿದ ಒಂಬತ್ತು ಊರನ್ನ ಕ್ಯಾನ್ಸಲ್ ಮಾಡ್ತಿದಾರೆ. ನನ್ನ ಕಿವಿ ಹೋಯ್ತು. ಎಡಗಡೇದು ಹೋಗುತ್ತೆ ಅಂತ ಡಾಕ್ಟರು ಎರಡು ವರ್ಷದ ಹಿಂದೇನೇ ಹೇಳಿದ್ರು. ಮೆಲ್ಲಮೆಲ್ಲಗೆ ಹೋಗುತ್ತೆ ಅಂದಿದ್ರು. ನಿನ್ನೆ ಒಂದೇ ಸಲಕ್ಕೆ ಹೋಯ್ತು. ಗಿಟಾರ್ ನುಡಿಸಿದ್ರೆ ಟಕ್ ಟಕ್ ಅನ್ನುತ್ತೆ ಅಷ್ಟೇ, ಹಿಂದುಗಡೆ ಇರೋ ಗುಂಯ್ ಕೇಳಲ್ಲ. ಇವರು ಆ ಆಡಿಟೋರಿಯಮ್ಮೇ ಹಾಗೆ ಅಂದ್ರು. ಇಪ್ಪತ್ತು ವರ್ಷದಿಂದ ನುಡಿಸ್ತಿರೋ ಗಿಟಾರು, ನನಗೆ ಗೊತ್ತಾಗಲ್ವಾ?"

ಬಾಗಿಲಲ್ಲಿ ಮ್ಯಾನೇಜರ್ ಫೋನಿಗೆ ಹೇಳುತ್ತಿದ್ದ: "ಹೌದು ಸಾರ್, ಪೂರ್ತಿ ಕ್ಯಾನ್ಸಲ್. ಆರೋಗ್ಯದ ಕಾರಣ ಅಂತ ಹಾಕಿ."

ಅಂಟಣ್ಣನಿಗೆ ಲಾಡ್ಜಿನ ಇಡೀ ಕಟ್ಟಡ ತನ್ನ ಗೂಟದ ಮೇಲೆ ನಿಂತಿರುವಂತೆ ಕಂಡಿತು. ಈಗ ನಮಸ್ಕಾರ ಹೇಳಿ ಮೆಟ್ಟಿಲಿಳಿದರೆ ಶ್ರುತಿ ಜಾರದ ರಿಪೇರಿಯವನು ಎಂಬ ಹೆಸರು ಶಾಶ್ವತ.

"ಮೇಡಂ, ಅದು ಕಿವಿ ಅಲ್ಲ" ಎಂದ. "ಅದು ಗೂಟ."

"ಏನದು?"

"ನಂದು. ಮೂರನೇ ನಂಬರಿಂದು. ಒಳಗೇ ಇದೆ. ಅಂಟು ಒಣಗೋವರೆಗೂ ಆಸರೆಗೆ ಅಂತ ಕೊಟ್ಟಿದ್ದೆ. ತೆಗೆಯೋಕೆ ಮರೆತೆ. ಅದು ಹಲಗೇನ ಅಲ್ಲಾಡೋಕೆ ಬಿಡ್ತಿಲ್ಲ. ನಿಮ್ಮ ಕಿವಿ ಇದ್ದದ್ದನ್ನ ಇದ್ದ ಹಾಗೇ ಕೇಳಿಸಿಕೊಂಡಿದೆ. ನೆಟ್ಟಗಿಲ್ಲದೇ ಇದ್ದದ್ದು ನನ್ನ ಕೈ."

ಮ್ಯಾನೇಜರಿನ ಎರಡೂ ಫೋನು ಕಿವಿಯಿಂದ ಕೆಳಗಿಳಿದವು. ಹಾಡುಗಾರ್ತಿ ಎದ್ದು ಬೆಡ್‌ಶೀಟ್ ಸರಿಸಿ, ಗಿಟಾರನ್ನು ಎರಡೂ ಕೈಯಲ್ಲಿ ಅವನೆದುರು ಹಿಡಿದಳು.

ಅಂಟಣ್ಣ ನೆಲದ ಮೇಲೆ ಕೂತು ತಂತಿ ಸಡಿಲಿಸಿದ. ಬಾಯಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಪಟ್ಟಿಯ ಗುಂಟ ಬೆರಳು ನಡೆಸಿಕೊಂಡು ಹೋದ. ಸಿಕ್ಕಿತು. ಮೆಲ್ಲಗೆ ಅಲ್ಲಾಡಿಸಿದ, ಪಟ್ಟಿ ಜಗ್ಗಲಿಲ್ಲ, ಗೂಟ ಮಾತ್ರ ಕಳಚಿ ಅಂಗೈಗೆ ಬಿತ್ತು. ಹೊರಗೆ ತಂದ. ಪೆನ್ಸಿಲಿನಲ್ಲಿ ಬರೆದ ಮೂರು ಸ್ಪಷ್ಟವಾಗಿತ್ತು. ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಇನ್ನೇನೂ ಇಲ್ಲವೆಂದು ಎರಡು ಸಲ, ಬಾಯಿಬಿಟ್ಟು, "ಏನೂ ಇಲ್ಲ. ಏನೂ ಇಲ್ಲ" ಎಂದು ಎಣಿಸಿದ. ತಂತಿ ಬಿಗಿದು ಶ್ರುತಿ ಕೂಡಿಸುವುದನ್ನು ಅವಳೇ ಮಾಡಿಕೊಂಡಳು.

ಅವಳು ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿಂದ ಒಂದೇ ಒಂದು ಸಲ ಮೀಟಿದಳು.

ಗುಂಯ್ ಎಂದಿತು. ಅನ್ನುತ್ತಲೇ ಇತ್ತು. ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ಝಣಗುಟ್ಟಿತು. ಅಂಟಣ್ಣನ ತೊಡೆಯ ಕೆಳಗಿನ ನೆಲ ಕೂಡ ಗುಂಯ್ ಎಂದ ಹಾಗಾಯಿತು. ಅದು ಪೂರ್ತಿ ಅಡಗುವವರೆಗೆ ಅವಳು ಗಿಟಾರಿಗೆ ಎಡಗಿವಿ ಆನಿಸಿಕೊಂಡಿದ್ದಳು.

ಆಮೇಲೆ ಹಾಡುಗಾರ್ತಿ ಮಂಚದ ಮೇಲಿನ ದಿಂಬನ್ನು ಎತ್ತಿ ಅವನ ಮುಖಕ್ಕೆ ಬೀಸಿ ಹೊಡೆದಳು.

"ರಾತ್ರಿಯೆಲ್ಲಾ! ರಾತ್ರಿಯೆಲ್ಲಾ ಚಿಟಿಕೆ ಹೊಡ್ಕೊಂಡು ಕೂತಿದೀನಿ ಕಣ್ರೀ! ನಮ್ಮಮ್ಮಂಗೆ ಫೋನ್ ಮಾಡಿ ಅತ್ತಿದೀನಿ! ಅವರು ನಮ್ಮನೆ ನಾಯಿ ಹತ್ರ ಫೋನ್ ಹಿಡಿದು, ಇದು ಬೊಗಳೋದು ಕೇಳುತ್ತಾ ನೋಡು ಅಂತ ಪರೀಕ್ಷೆ ಮಾಡಿದಾರೆ!" ಎರಡನೇ ದಿಂಬೂ ಬಂತು. ಅಷ್ಟರಲ್ಲಿ ಅವಳಿಗೆ ನಗು ಬಂದು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ದಿಂಬು ದಾರಿಯಲ್ಲೇ ಬಿತ್ತು. ಬಾಗಿಲಲ್ಲಿ ಮ್ಯಾನೇಜರ್ ಎರಡೂ ಫೋನಿಗೆ ಒಟ್ಟಿಗೆ ಕಿರುಚುತ್ತಿದ್ದ: "ಹಾಕಬೇಡಿ ಸಾರ್, ಹಾಕಬೇಡಿ! ಆರೋಗ್ಯ ಚೆನ್ನಾಗಿದೆ! ಬಹಳ ಚೆನ್ನಾಗಿದೆ!"

"ಕೂತ್ಕೊಳ್ಳಿ ಅಲ್ಲೇ" ಎಂದಳು ಅವಳು ಅಂಟಣ್ಣನಿಗೆ. "ನಿನ್ನೆ ಒಂದು ಹಾಡು ಅರ್ಧಕ್ಕೆ ನಿಂತಿದೆ."

ಅವಳು 'ಎರಡನೇ ಬೀಗದ ಕೈ' ಹಾಡನ್ನು ಮೊದಲಿನಿಂದ ಕೊನೆವರೆಗೆ ಹಾಡಿದಳು.

ಅರ್ಧ ಗಂಟೆಯ ಮೇಲೆ ಅಂಟಣ್ಣ ಕೆಳಗಿಳಿದು ಬಂದಾಗ ಸೋಫಾದಿಂದ ಮೂವರೂ ಒಟ್ಟಿಗೆ ಎದ್ದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಗೂಟವನ್ನು ಅಂಗೈಯಲ್ಲಿಟ್ಟು ತೋರಿಸಿ, ಹಾರ್ನು, ಫೋನು, ಟಿಕೆಟ್ಟು, ಎರಡು, ಮೂರು, ಎಲ್ಲ ಹೇಳಿದ. ಇನ್ನು ಇವರು ನನ್ನ ಮಾನ ಹರಾಜು ಹಾಕಲಿ ಎಂದು ತಲೆ ತಗ್ಗಿಸಿ ನಿಂತ.

"ಸರಿ, ಗೂಟ ಇತ್ತು" ಎಂದಳು ಅಕ್ಕ. "ಆದ್ರೆ ಗೂಟ ಕ್ಷಮಿಸುತ್ತೇನೋ? ಕ್ಷಮಿಸಿದ್ದು ಅವಳು. ಅವಳ ಮುಖ ನಾನು ನೋಡಿದೀನಿ."

"ಅಪ್ಪಾ!" ಮಗಳ ಪಿಸುದನಿ ಸೀಳಿಹೋಯಿತು. "ಅಂದ್ರೆ ಆ ಹೊಸ ಸೌಂಡ್ ನಿಂದಾ? ನಮ್ಮಪ್ಪಂದಾ? ಗ್ರೂಪಿಗೆ ಹಾಕ್ತೀನಿ ಇರು!"

"ಕಡ್ಡಿ ತೆಗೆದ ಮಾತ್ರಕ್ಕೆ ಏನಾಗುತ್ತೆ ಅಂಟಣ್ಣ" ಎಂದರು ಕನ್ನಡಕದವರು, ಗೂಟವನ್ನು ಬೆಳಕಿಗೆ ಹಿಡಿದು ನೋಡುತ್ತ. "ಮುಗೀತು ಅಂದ್ರೆ ಮುಗೀತು." ಗೂಟ ವಾಪಸ್ ಕೊಡುತ್ತ, "ಮುಂದಿನ ಊರಲ್ಲಿ ಮೊದಲನೇ ಸಾಲು ಸಿಗುತ್ತೇನೋ, ಆ ಮ್ಯಾನೇಜರನ್ನ ಒಂದು ಮಾತು ಕೇಳ್ತೀರಾ?" ಎಂದರು.

ಗೂಟದ ಮೇಲೆ ಹಾಡುಗಾರ್ತಿ ಸಹಿ ಹಾಕಿದ್ದಳು. ಪೆನ್ಸಿಲ್ ದಪ್ಪದ ಕಡ್ಡಿಯಾದ್ದರಿಂದ ಅರ್ಧ ಹೆಸರು ಮಾತ್ರ ಹಿಡಿದಿತ್ತು. ಅದು ತನಗೆ ಬೇಕೆಂದು ಅಕ್ಕ, ತನಗೆಂದು ಮಗಳು ವ್ಯಾನಿನುದ್ದಕ್ಕೂ ಜಗ್ಗಾಡಿದರು. ಅಂಟಣ್ಣ ಯಾರಿಗೂ ಕೊಡಲಿಲ್ಲ. ಅದು ಕೆಲಸದ ಸಾಮಾನು ಎಂದ. ಅಂಗಡಿಗೆ ಬಂದು ಸ್ಟೀಲ್ ತಟ್ಟೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ನಡುವೆ ಮಲಗಿಸಿದ.

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ತೆಗೆದ್ರಾ?"

"ತೆಗೆದೆ."

"ಬೈದ್ರಾ?"

"ದಿಂಬಲ್ಲಿ ಹೊಡೆದ್ಲು. ಆಮೇಲೆ ಹಾಡಿದ್ಲು ಕಣೇ. ಪೂರ್ತಿ ಹಾಡು. ನನಗೋಸ್ಕರ!"

"ಗೂಟ ತೆಗೆದ ಮೇಲೆ ಅಂಟು ತಡೀತಾ? ಶ್ರುತಿ ನಿಂತಿತ್ತಾ?"

ಅಂಟಣ್ಣ ತಲೆ ಕೆರೆದುಕೊಂಡ. ಆ ಹಾಡಿನುದ್ದಕ್ಕೂ ಶ್ರುತಿ ಎಂಬುದೊಂದಿದೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ.

"ಅದು ಹೇಳೋಕಾಗಲ್ಲ ಕಣೇ" ಎಂದ. "ಆದರೆ ನೋಡು, ಮೊದಲಿಂದ ಕೊನೇವರೆಗೂ ನನ್ನನ್ನೇ ನೋಡ್ಕೊಂಡು ಹಾಡಿದ್ಲು."

"ಆ ರೂಮಲ್ಲಿ ಇನ್ಯಾರಿದ್ರು ನೋಡೋಕೆ?"

"ಮ್ಯಾನೇಜರ್ ಇದ್ದ" ಎಂದ ಅಂಟಣ್ಣ, ಎದೆ ಉಬ್ಬಿಸಿಕೊಂಡು. "ಅವನ ಕಡೆ ಒಂದು ಸಲಾನೂ ತಿರುಗಲಿಲ್ಲ."